14 ಜನರ ವರ್ಕ್‌ಶಾಪ್‌ಗೆ ಎಚ್‌ಆರ್: 12 ವಾರದ ಲಾಗ್

ಜಾಗ ಪೀಣ್ಯ. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಒಂದು ಡ್ರಿಲ್ಲಿಂಗ್ ಮೆಷಿನ್. ರೋಲ್‌ನಲ್ಲಿ 11 ಮಂದಿ, ಕಂಟ್ರಾಕ್ಟರ್ ಕಡೆಯಿಂದ 3 ಹೆಲ್ಪರ್. ಎಚ್‌ಆರ್ (ಸಿಬ್ಬಂದಿ ವಿಷಯ ನೋಡುವವರು) ಅಂತ ಯಾರೂ ಇಲ್ಲ. ಹಾಜರಿ ಪುಸ್ತಕ ಅಕೌಂಟ್ಸ್‌ನವರ ಮೇಜಿನ ಮೇಲಿದೆ, ಮಿಕ್ಕಿದ್ದೆಲ್ಲ ಮಾಲೀಕರ ತಲೆಯಲ್ಲಿದೆ.

ವಾರ 1–2: ಬಟವಾಡೆ ಚೀಟಿ

ಮೊದಲು ಪೇಸ್ಲಿಪ್. ಹುಟ್ಟುಹಬ್ಬದ ಕೇಕು, ಟೀ ಶರ್ಟು ಆಮೇಲೆ. ಸಂಬಳದ ಲೆಕ್ಕವೇ ಅರ್ಥವಾಗದ ಕಡೆ ಕೇಕ್ ಕತ್ತರಿಸಿದರೆ ಬೆನ್ನ ಹಿಂದೆ ನಗುತ್ತಾರೆ.

ಚೀಟಿಯಲ್ಲಿ ಐದೇ ಸಾಲು: ಕೆಲಸದ ದಿನ, ಓಟಿ (ಹೆಚ್ಚುವರಿ ಕೆಲಸ) ಗಂಟೆ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ), ಅಡ್ವಾನ್ಸ್ ಕಡಿತ, ಕೈಗೆ ಬಂದದ್ದು. ಬಿಹಾರದ ಇಬ್ಬರಿಗೆ ಹಿಂದಿಯಲ್ಲಿ, ಉಳಿದವರಿಗೆ ಕನ್ನಡದಲ್ಲಿ. ಮಾದರಿ ಲೆಕ್ಕವನ್ನು ಗೋಡೆಗೆ ಅಂಟಿಸಿದೆ: ತಿಂಗಳಿಗೆ ₹15,600 ಇದ್ದರೆ 26 ಕೆಲಸದ ದಿನದಿಂದ ಭಾಗಿಸಿ ದಿನಕ್ಕೆ ₹600, ಎಂಟು ಗಂಟೆಯಿಂದ ಭಾಗಿಸಿ ಗಂಟೆಗೆ ₹75. ಓಟಿ ಎರಡರಷ್ಟು, ಅಂದರೆ ₹150. 20 ಗಂಟೆ ಓಟಿಗೆ ₹3,000, ಒಟ್ಟು ₹18,600. ಆಗಿನ ನಿಯಮದಂತೆ ಇದರ ಮೇಲೆ ಕಾರ್ಮಿಕರ ಇಎಸ್‌ಐ 0.75%, ಮಾಲೀಕರದ್ದು 3.25%. ಚಿಲ್ಲರೆ ಪೈಸೆ ಮೇಲಿನ ರೂಪಾಯಿಗೆ ಏರುತ್ತದೆ, ಹಾಗಾಗಿ ₹140 ಮತ್ತು ₹605.

ತಪ್ಪು ಸಿಕ್ಕಿದ್ದು ಇಲ್ಲೇ. ಓಟಿಯನ್ನು ‘ಸಿಂಗಲ್’ ದರಕ್ಕೆ ಕೊಡಲಾಗುತ್ತಿತ್ತು, ಇಎಸ್‌ಐ ಲೆಕ್ಕದಿಂದ ಓಟಿಯನ್ನೇ ಬಿಡಲಾಗಿತ್ತು. ಆಗಿನ ಇಎಸ್‌ಐ ನಿಯಮದಲ್ಲಿ (2025ರ ನವೆಂಬರ್‌ಗೆ ಮುಂಚೆ), ಯಾರು ಇಎಸ್‌ಐಗೆ ಬರುತ್ತಾರೆಂದು ₹21,000 ಸಂಬಳದ ಮಿತಿ ನೋಡುವಾಗ ಓಟಿ ಸೇರುತ್ತಿರಲಿಲ್ಲ, ವಂತಿಗೆ ಕಟ್ಟುವಾಗ ಸೇರುತ್ತಿತ್ತು. ಗೊಂದಲದ ಬೇರು ಅದು. ಇನ್ನೊಂದು: ಜೂನ್‌ನಲ್ಲಿ ಇನ್‌ಕ್ರಿಮೆಂಟ್ ಆಗಿ ಸಂಬಳ ಮಿತಿ ದಾಟಿದ ಸೆಟ್ಟರ್‌ಗೆ (ಮೆಷಿನ್ ಸೆಟ್ ಮಾಡುವವರಿಗೆ) ಅಂದೇ ಇಎಸ್‌ಐ ನಿಲ್ಲಿಸಿದ್ದರು. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಮಿತಿ ದಾಟಿದರೂ ಅವಧಿ ಮುಗಿಯುವ ತನಕ ಕಟ್ಟಲೇಬೇಕು. ಇಎಸ್‌ಐ ಕಡ್ಡಾಯವಾಗುವುದು 10 ಜನಕ್ಕೆ, ಆ ತಲೆಎಣಿಕೆಗೆ ಕಂಟ್ರಾಕ್ಟರ್ ಹೆಲ್ಪರ್‌ಗಳನ್ನೂ ಹಿಡಿಯಬೇಕು. ಪಿಎಫ್ ಕಡ್ಡಾಯವಾಗುವುದು 20 ಜನಕ್ಕೆ, ಸದ್ಯಕ್ಕೆ ಬಿಟ್ಟಿದೆ.

ಬಟವಾಡೆ 7ನೇ ತಾರೀಖು ದಾಟಬಾರದು. ಗಿರಾಕಿಯ ಪೇಮೆಂಟ್ ತಡವಾಯಿತು ಅನ್ನುವುದು ಕಾರಣವಲ್ಲ. ಒಂದು ತಿಂಗಳ ಬಟವಾಡೆಯಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿಡುವ ವ್ಯವಸ್ಥೆ ಆಗಿದೆ.

ವಾರ 3–4: ಅಡ್ವಾನ್ಸ್

ಚಿಕ್ಕ ವರ್ಕ್‌ಶಾಪಿನ ಜಗಳದ ಮೂಲ ಇದೇ. ಕೊಟ್ಟವರಿಗೆ ಒಂದು ಲೆಕ್ಕ, ತೆಗೆದುಕೊಂಡವರಿಗೆ ಇನ್ನೊಂದು. ಈಗ ಉದ್ದನೆಯ ನೋಟ್‌ಬುಕ್, ಒಬ್ಬರಿಗೆ ಒಂದು ಪುಟ, ಇಬ್ಬರ ಸಹಿ. ಮಿತಿ ಅರ್ಧ ತಿಂಗಳ ಸಂಬಳ, ಆಸ್ಪತ್ರೆ ಖರ್ಚಿಗೆ ಮಾತ್ರ ವಿನಾಯಿತಿ. ಮೂರರಿಂದ ಆರು ಸಮಕಂತು, ಬಾಕಿ ಎಷ್ಟೆಂದು ಪ್ರತಿ ಚೀಟಿಯಲ್ಲೂ ಬರೆದಿರಬೇಕು. ಅಡ್ವಾನ್ಸಿಗೆ ಒರಿಜಿನಲ್ ಆಧಾರ್ ಇಟ್ಟುಕೊಳ್ಳುವ ಚಾಳಿ ನಿಂತಿದೆ. ‘ತೀರಿಸುವ ತನಕ ಬಿಡಲ್ಲ’ ಅನ್ನುವ ಮಾತು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಬಾಗಿಲಿಗೆ ಒಯ್ಯಬಹುದು ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ.

ವಾರ 5–7: ರಜೆಯ ಗೋಡೆ

20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಲೆಕ್ಕ ಸುಲಭ, ಕಷ್ಟ ಇರುವುದು ಎಲ್ಲರೂ ಒಟ್ಟಿಗೆ ಊರಿಗೆ ಹೊರಡುವುದರಲ್ಲಿ. ರಾಯಚೂರು, ಕಲಬುರಗಿ ಕಡೆಯವರಿಗೆ ಯುಗಾದಿ ಮತ್ತು ಊರ ಜಾತ್ರೆ, ಬಿಹಾರದವರಿಗೆ ಛಟ್. ದೀಪಾವಳಿಯಾಗಿ ಆರನೇ ದಿನಕ್ಕೆ ಛಟ್, ಹಾಗಾಗಿ ದೀಪಾವಳಿಗೆ ಹೋದವರು ಅದನ್ನು ಮುಗಿಸದೆ ಬರುವುದಿಲ್ಲ. ಇದು ಪ್ರತಿ ವರ್ಷ ನಡೆದರೂ ಪ್ರತಿ ವರ್ಷ ಡೆಲಿವರಿ ತಪ್ಪುವುದು ಮಾತ್ರ ಸೋಜಿಗ. ದೊಡ್ಡ ಕ್ಯಾಲೆಂಡರಿನಲ್ಲಿ 45 ದಿನ ಮೊದಲೇ ಹೆಸರು ಬರೆಯುವುದು, ಒಂದು ಮೆಷಿನ್‌ಗೆ ಒಬ್ಬರಾದರೂ ಉಳಿಯುವುದು. ಹಾಗೆ ಉಳಿಯಬೇಕೆಂದರೆ ಆ ಮೆಷಿನ್ ಇಬ್ಬರಿಗೆ ಗೊತ್ತಿರಬೇಕು. ವಿಎಂಸಿ ಸೆಟ್ಟಿಂಗ್ ಒಬ್ಬರಿಗಷ್ಟೇ ಗೊತ್ತಿದೆ, ಎರಡನೆಯವರ ತರಬೇತಿ ಇನ್ನೂ ಅರ್ಧದಲ್ಲಿದೆ.

ವಾರ 8: ಆಂತರಿಕ ಸಮಿತಿ

ಹತ್ತು ಜನ ಇದ್ದ ಮೇಲೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಸಮಿತಿ ಬೇಕೇ ಬೇಕು. ಮಾಡದಿದ್ದರೆ ₹50,000 ತನಕ ದಂಡ. ಇಲ್ಲಿ ಮಹಿಳೆಯರು ಇಬ್ಬರೇ, ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬರು, ಅಕೌಂಟ್ಸ್‌ನಲ್ಲಿ ಒಬ್ಬರು. ಹಿರಿಯರು ಅಧ್ಯಕ್ಷೆ, ಇನ್ನೊಬ್ಬರು ಮತ್ತು ಒಬ್ಬ ಆಪರೇಟರ್ ಸದಸ್ಯರು, ಹೊರಗಿನವರು ಒಬ್ಬರು: ನಾಲ್ಕರಲ್ಲಿ ಅರ್ಧಕ್ಕಿಂತ ಕಡಿಮೆ ಮಹಿಳೆಯರು ಇರಬಾರದೆಂಬ ನಿಯಮಕ್ಕೆ ಸರಿಹೋಯಿತು. ಮಾಲೀಕರ ಹೆಂಡತಿಯನ್ನೇ ಅಧ್ಯಕ್ಷೆ ಮಾಡುವ ಸಲಹೆ ಬಂದಿತ್ತು. ಹಾಗೆ ಮಾಡಿದರೆ ದೂರು ಬರುವುದೇ ಇಲ್ಲ, ಅದನ್ನೇ ಶಾಂತಿ ಅಂದುಕೊಳ್ಳುವ ಅಪಾಯ ಬೇರೆ. ಮಾಲೀಕರ ಮೇಲೇ ದೂರಿದ್ದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಅದನ್ನೂ ನೋಟಿಸ್ ಬೋರ್ಡಿನಲ್ಲಿ ಬರೆದಿದೆ.

ವಾರ 9–12: ಶನಿವಾರದ ಹತ್ತು ನಿಮಿಷ

ಟೀಗೆ ಮುಂಚೆ, ಮೆಷಿನ್ ಪಕ್ಕದಲ್ಲೇ. ಮೊದಲ ವಾರ ಕೆಟ್ಟಿತು: ಹತ್ತರಲ್ಲಿ ಒಂಬತ್ತು ನಿಮಿಷ ಮಾತಾಡಿದ್ದು ಮಾಲೀಕರು. ನಿಯಮ ಬದಲಾಯಿತು. ಹೆಲ್ಪರ್ ಮೊದಲು, ಮಾಲೀಕರು ಕೊನೆಗೆ. ಹೇಳಿದ್ದನ್ನು ತಾರೀಖಿನ ಸಮೇತ ಬೋರ್ಡಿಗೆ ಹಾಕಿ, ಮುಂದಿನ ಶನಿವಾರದೊಳಗೆ ಉತ್ತರ. ‘ಆಗಲ್ಲ’ ಅನ್ನುವುದೂ ಉತ್ತರವೇ, ಕಾರಣ ಜೊತೆಗಿರಬೇಕು. ಕೂಲಂಟ್ (ಮೆಷಿನ್ ತಂಪಿಡುವ ದ್ರವ) ನಾರುತ್ತಿದೆ ಎಂದದ್ದಕ್ಕೆ ಟ್ಯಾಂಕ್ ತೊಳೆದು ಹೊಸದು ತುಂಬಿದ್ದಾಯಿತು. ಡ್ರಿಲ್ಲಿಂಗ್‌ಗೆ ಗ್ಲೌಸ್ ಕೇಳಿದ್ದಕ್ಕೆ ಇಲ್ಲ: ತಿರುಗುವ ಬಿಟ್ಟಿಗೆ ಬಟ್ಟೆ ಸಿಕ್ಕರೆ ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ಬದಲಿಗೆ ಚಿಪ್ ತೆಗೆಯಲು ಹುಕ್ಕು, ಬ್ರಷ್ಷು ಬಂತು.

ಬಾಕಿ

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ಇಷ್ಟೆಂದು ಕೊಡಬೇಕಾದ ಹಣ. ₹15,600ಕ್ಕೆ 15/26 (26 ದಿನದ ಸಂಬಳದಲ್ಲಿ 15 ದಿನದ್ದು) ಅಂದರೆ ವರ್ಷಕ್ಕೆ ₹9,000. ಆರು ವರ್ಷದ ಆಪರೇಟರ್ ನಾಳೆ ಬಿಟ್ಟರೆ ₹54,000. ಪುಸ್ತಕದಲ್ಲಿ ಈ ಹಣ ಎಲ್ಲೂ ಇಲ್ಲ. 13ನೇ ವಾರ ಆಡಿಟರ್ ಜೊತೆ ಕೂತು ಎಲ್ಲರ ಸೇರಿದ ದಿನಾಂಕ ಪಟ್ಟಿ ಮಾಡುವುದಿದೆ. ಮೂವರ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದ ಕಾರಣ ಹಳೆಯ ಹಾಜರಿ ಪುಸ್ತಕ ಅಟ್ಟದಿಂದ ಇಳಿಸಬೇಕು.