ಸೋತ ಮೇಲೆ ಬೇರೆಯವರು ಬೇಗ ಎದ್ದು ನಿಲ್ಲುತ್ತಾರೆ, ನನಗ್ಯಾಕೆ ಆಗುತ್ತಿಲ್ಲ?

ಪರೀಕ್ಷೆಯಲ್ಲಿ ಫೇಲಾದವರು, ಕೆಲಸ ಕಳೆದುಕೊಂಡವರು, ಪ್ರೀತಿ ಮುರಿದವರು, ಮನೆಯಲ್ಲಿ ಸಾವು ಕಂಡವರು, ಓದು ಮುಗಿಯುವಷ್ಟರಲ್ಲಿ ಆ ಓದಿಗೆ ಬೇಡಿಕೆಯೇ ಇಲ್ಲವಾದವರು. ಇವರೆಲ್ಲ ಬೇರೆ ಬೇರೆ ಮಾತಿನಲ್ಲಿ ಕೊನೆಗೆ ಕೇಳುವುದು ಒಂದೇ: "ಅವರೆಲ್ಲ ಚೇತರಿಸಿಕೊಂಡರು, ನನಗ್ಯಾಕೆ ಆಗ್ತಿಲ್ಲ? ನನ್ನ ಮನಸ್ಸು ಅಷ್ಟು ದುರ್ಬಲವಾ?"

ಮನಸ್ಸನ್ನು ತೂಗಿ ನೋಡುವ ಮೊದಲು ಸುತ್ತಮುತ್ತ ಏನಿದೆ ಎಂದು ನೋಡಿ. ಇದೇ ನನ್ನ ಉತ್ತರ. ಬೇಗ ಚೇತರಿಸಿಕೊಂಡವರ ಬದುಕಿನಲ್ಲಿ ಸಾಮಾನ್ಯವಾಗಿ ಒಬ್ಬ ನಂಬಿಕಸ್ಥರು, ಸರಿಯಾದ ನಿದ್ದೆ, ದಿನಕ್ಕೊಂದು ಕ್ರಮ, ಇನ್ನೊಬ್ಬರಿಗೆ ಬೇಕಾಗುವ ಒಂದು ಕೆಲಸ ಇರುತ್ತವೆ. ಇವು ಹುಟ್ಟುಗುಣಗಳಲ್ಲ. ಇಲ್ಲದಿದ್ದರೆ ಮಾಡಿಕೊಳ್ಳಬಹುದು.

ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರ ತಂಡ 40ನೇ ವಯಸ್ಸಿನವರೆಗೆ ಗಮನಿಸುತ್ತಾ ಹೋಯಿತು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಹುಟ್ಟುವಾಗಿನ ತೊಂದರೆ, ಮನೆಯೊಳಗಿನ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟಗಳನ್ನು ಒಟ್ಟಿಗೆ ಹೊತ್ತವರು. ಅವರಲ್ಲೂ ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದರು. ಅವರ ಬೆನ್ನಿಗೆ ಮನೆಯವರೋ ಹೊರಗಿನವರೋ, ಕೈಬಿಡದ ಒಬ್ಬರಾದರೂ ಹಿರಿಯರಿದ್ದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಉಳಿದವರ ಕಥೆ. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲಿ ಬಹುಪಾಲು ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಸರಿಹೋಗಿದ್ದರು. ಮತ್ತೆ ಓದಲು ಸಿಕ್ಕ ಅವಕಾಶ, ಕಲಿತ ಕಸುಬು, ಸ್ಥಿರ ಮನಸ್ಸಿನ ಸಂಗಾತಿ, ಸೇರಿಕೊಂಡ ಒಂದು ಸಮುದಾಯ ಅವರನ್ನು ತಿರುಗಿಸಿದವು. ಹದಿನೆಂಟಕ್ಕೆ ಯಾರ ಹಣೆಬರಹವೂ ಮುಗಿಯುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ.

ಪೆಟ್ಟು ಬಿದ್ದ ಮೊದಲ ವಾರ ಮಾಡುವುದಕ್ಕಿಂತ ಮಾಡದೆ ಬಿಡುವುದೇ ಹೆಚ್ಚು. ರಾಜೀನಾಮೆ, ಕೋರ್ಸ್ ಬಿಡುವುದು, ಊರು ಬದಲಿಸುವುದು, ರಾತ್ರಿ ಹನ್ನೊಂದರ ಮೇಲೆ ಉದ್ದುದ್ದ ಮೆಸೇಜ್ ಕಳಿಸುವುದು, ಇವೆಲ್ಲ ಏಳು ದಿನ ಕಾಯಲಿ. ನಿದ್ದೆಗೆಟ್ಟ ತಲೆ ಎರಡೇ ದಾರಿ ತೋರಿಸುತ್ತದೆ, ಎರಡೂ ತುದಿಯವು. ಹಾಗೆಯೇ "ಎಲ್ಲವನ್ನೂ ಈಗಲೇ ಹೇಳಿಬಿಡು, ಹಗುರವಾಗುತ್ತೆ" ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಕಾಗಿಲ್ಲ. ಆಘಾತವಾದ ತಕ್ಷಣ ಒಂದೇ ಸಲ ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿಸುವ ವಿಧಾನವನ್ನು ಪರೀಕ್ಷಿಸಿದಾಗ ಅದರಿಂದ ಮುಂದಿನ ತೊಂದರೆ ತಪ್ಪಲಿಲ್ಲ, ಕೆಲವರಿಗೆ ಹೆಚ್ಚೇ ಆಯಿತು. ಹೇಳಬೇಕೆನಿಸಿದಾಗ, ಹೇಳಬೇಕೆನಿಸಿದಷ್ಟು ಹೇಳಿದರೆ ಸಾಕು.

ಅಳು ಬರಲಿಲ್ಲ ಎಂದು ಗಾಬರಿಯಾಗುವವರೂ ಇದ್ದಾರೆ. ಹತ್ತಿರದವರನ್ನು ಕಳೆದುಕೊಂಡವರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ತೋರಿಸಿದ್ದು, ದುಃಖದ ನಡುವೆಯೂ ದಿನನಿತ್ಯದ ಕೆಲಸ ಮಾಡಿಕೊಂಡು ಹೋಗುವವರೇ ಹೆಚ್ಚು ಎಂಬುದನ್ನು. ಅದು ಕಲ್ಲು ಹೃದಯವೂ ಅಲ್ಲ, ಅದುಮಿಟ್ಟುಕೊಳ್ಳುವುದೂ ಅಲ್ಲ. ನಿರಾಕರಣೆ, ಸಿಟ್ಟು ಎಂದು ಶುರುವಾಗುವ ದುಃಖದ ಐದು ಹಂತಗಳನ್ನು ಸರತಿಯಲ್ಲಿ ದಾಟಲೇಬೇಕು ಎಂಬ ನಿಯಮವೂ ಇಲ್ಲ. ಅವು ಮೊದಲು ಹೇಳಲ್ಪಟ್ಟದ್ದು ಸಾವಿನ ಹತ್ತಿರವಿದ್ದ ರೋಗಿಗಳ ಬಗ್ಗೆ.

ನಿದ್ದೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ, 18 ದಾಟಿದವರಿಗೆ 7ರಿಂದ 9 ಗಂಟೆ ಬೇಕು. ನಿದ್ದೆ ಹತ್ತುವ ಹೊತ್ತು ನಮ್ಮ ಕೈಲಿರುವುದಿಲ್ಲ, ಏಳುವ ಹೊತ್ತು ಇರುತ್ತದೆ. ಆದ್ದರಿಂದ ರಜೆಯ ದಿನವೂ ಒಂದೇ ಹೊತ್ತಿಗೆ ಏಳಿ, ಎದ್ದ ಕೂಡಲೇ ಬೆಳಕಿಗೆ ಬನ್ನಿ. ಮಧ್ಯಾಹ್ನ ಮಲಗಲೇಬೇಕಾದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆಗೂ ಕಡಿಮೆ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತಿದ್ದು, ತೂಕಡಿಕೆ ಬಂದಾಗ ಮರಳಿ. ಹೊರಳಾಡುತ್ತ ಬಿದ್ದುಕೊಂಡಿದ್ದರೆ ಹಾಸಿಗೆ ಎಂದರೆ ಚಿಂತೆ ಮಾಡುವ ಜಾಗ ಎಂದು ಮೈಗೆ ರೂಢಿಯಾಗಿಬಿಡುತ್ತದೆ.

ಹೆಚ್ಚಿನವರು ಎಡವುವುದು ಇದರ ನಂತರ. "ಮನಸ್ಸು ಸರಿಹೋದ ಮೇಲೆ ಕೆಲಸ ಶುರು ಮಾಡ್ತೀನಿ" ಎಂದು ಕಾಯುತ್ತಾರೆ. ಕ್ರಮ ತಿರುಗುಮುರುಗು. ಮನಸ್ಸು ಕುಗ್ಗಿದಾಗ ಮನುಷ್ಯ ಕೆಲಸ ಬಿಡುತ್ತಾನೆ. ಬಿಟ್ಟಿದ್ದಕ್ಕೆ ಗೆಲುವೂ ಇಲ್ಲ, ಖುಷಿಯೂ ಇಲ್ಲ. ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಮುರಿಯಲು ಕೆಲಸದ ಕಡೆಯಿಂದಲೇ ಶುರು ಮಾಡಬೇಕು. ಖಿನ್ನತೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನ ಇದು. ಮಾಡುವುದು ಹೀಗೆ. ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಹೊತ್ತು, ಏನು ಮಾಡಿದೆ, ಎಷ್ಟು ಹಿತವೆನಿಸಿತು, ಎಷ್ಟು ಸಾಧಿಸಿದೆನೆನಿಸಿತು. ಕೊನೆಯ ಎರಡಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮೊದಲ ಮೂರು ದಿನ ಏನನ್ನೂ ಬದಲಿಸದೆ ಬರೆದಿಡಿ. ನಾಲ್ಕನೇ ದಿನ ಹಾಳೆ ತೆಗೆದು ನೋಡಿದರೆ "ಎಲ್ಲವೂ ಒಂದೇ ಬೇಜಾರು" ಅನ್ನಿಸಿದ್ದು ಹಾಗಿರುವುದಿಲ್ಲ. ಫೋನ್ ಹಿಡಿದು ಮಲಗಿದ ಎರಡು ಗಂಟೆಗೆ ಹಿತ 2, ಸಾಧನೆ 0 ಇರಬಹುದು. ತಂಗಿಗೆ ಲೆಕ್ಕ ಹೇಳಿಕೊಟ್ಟ ಅರ್ಧ ಗಂಟೆಗೆ 4 ಮತ್ತು 6 ಇರಬಹುದು. ಹೀಗೆ ಹೆಚ್ಚು ಅಂಕ ಬಂದ ಕೆಲಸಗಳಲ್ಲಿ ಎರಡನ್ನು ಆರಿಸಿ ಮರುದಿನಕ್ಕೆ ಗಂಟೆ ಸಮೇತ ಬರೆಯಿರಿ.

ಕೆಲಸದ ಗಾತ್ರ ಇಲ್ಲಿ ಬಹಳ ಮುಖ್ಯ. "ನಾಳೆಯಿಂದ ದಿನಕ್ಕೆ ಹತ್ತು ಗಂಟೆ ಓದ್ತೀನಿ" ಎಂದು ಬರೆದವರು ಮೂರನೇ ದಿನಕ್ಕೆ ಬಿಟ್ಟು, ಹಳೆಯ ಸೋಲಿನ ಮೇಲೆ ಹೊಸ ಸೋಲೊಂದನ್ನು ಪೇರಿಸಿಕೊಳ್ಳುತ್ತಾರೆ. ಮನಸ್ಸು ಅತಿ ಕೆಟ್ಟಿರುವ ದಿನವೂ ಮುಗಿಸಬಲ್ಲಷ್ಟು, ಅಂದರೆ ಹತ್ತು ನಿಮಿಷದಷ್ಟು ಇಡಿ. ಒಂದು ವಾರದಲ್ಲಿ ಐದು ದಿನ ಆದರೆ ಹದಿನೈದಕ್ಕೆ ಏರಿಸಿ, ಮೂರೇ ದಿನ ಆದರೆ ಐದಕ್ಕೆ ಇಳಿಸಿ. ಬರೆಯುವಾಗ "ವ್ಯಾಯಾಮ ಮಾಡಬೇಕು" ಎಂದಲ್ಲ, "ಸಂಜೆ ಮನೆಗೆ ಬಂದ ಕೂಡಲೇ, ಶೂ ಬಿಚ್ಚುವ ಮೊದಲು, ಹತ್ತು ನಿಮಿಷ ನಡೆದು ಬರುತ್ತೇನೆ" ಎಂದು ಬರೆಯಿರಿ. ಯಾವಾಗ, ಎಲ್ಲಿ ಎಂದು ಮೊದಲೇ ಕಟ್ಟಿಟ್ಟ ಕೆಲಸ ಆಗುವ ಸಾಧ್ಯತೆ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ.

ಇನ್ನು ಆ ಒಬ್ಬ ನಂಬಿಕಸ್ಥರನ್ನು ಹುಡುಕುವುದು. ಬುದ್ಧಿ ಹೇಳುವ ಚಾಳಿ ಕಡಿಮೆ ಇರುವವರನ್ನು, ಹೇಳಿದ ಮಾತು ಹೊರಗೆ ಬಿಡದವರನ್ನು, ನಿಮ್ಮ ಸೋಲಿನಿಂದ ತಮಗೇನೂ ನಷ್ಟವಿಲ್ಲದವರನ್ನು ಆರಿಸಿ. ಈ ಕೊನೆಯದರಿಂದಾಗಿಯೇ ಅಪ್ಪ ಅಮ್ಮನಿಗಿಂತ ಅತ್ತೆ, ಚಿಕ್ಕಪ್ಪ, ಹಳೆಯ ಮೇಷ್ಟ್ರು ಒಮ್ಮೊಮ್ಮೆ ಮೊದಲ ಮಾತಿಗೆ ಸುಲಭವಾಗುತ್ತಾರೆ. "ನನಗೆ ಸಹಾಯ ಬೇಕು" ಎಂದಷ್ಟೇ ಬರೆದರೆ ಎದುರಿನವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ, ಉತ್ತರ ತಡವಾಗುತ್ತದೆ, ಅದು ನಿಮಗೆ ತಿರಸ್ಕಾರವಾಗಿ ಕಾಣುತ್ತದೆ. ಬದಲಿಗೆ ಹೀಗೆ ಬರೆಯಬಹುದು: "ಮೇಡಂ, ಈ ಸಲ ನಾನು ಪಾಸಾಗಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ವಾರ ಒಂದು ದಿನ ಇಪ್ಪತ್ತು ನಿಮಿಷ ನಿಮ್ಮ ಹತ್ತಿರ ಮಾತಾಡಬಹುದಾ? ಸಲಹೆ ಈಗಲೇ ಬೇಡ, ಕೇಳಿಸಿಕೊಂಡರೆ ಸಾಕು." ಏನಾಯಿತು, ಏನು ಬೇಕು, ಎಷ್ಟು ಹೊತ್ತು ಎಂಬ ಮೂರೂ ಇದರಲ್ಲಿವೆ. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಿ.

ಗೆಳೆಯ ಗೆಳತಿಯರ ಜೊತೆ ಮಾತಾಡುವುದರಲ್ಲಿ ಒಂದು ಅಪಾಯವಿದೆ. ಮಿಸೌರಿ ವಿಶ್ವವಿದ್ಯಾಲಯದ ಅಮಾಂಡಾ ರೋಸ್ 2002ರಲ್ಲಿ ಬರೆದ ಪ್ರಕಾರ, ಇಬ್ಬರು ಸೇರಿ ಒಂದೇ ನೋವನ್ನು ಮತ್ತೆ ಮತ್ತೆ ಕೆದಕುತ್ತಿದ್ದರೆ ಸ್ನೇಹವೇನೋ ಗಾಢವಾಗುತ್ತದೆ, ಜೊತೆಗೇ ಕುಗ್ಗುವಿಕೆ, ಆತಂಕಗಳೂ ಹೆಚ್ಚಿರುತ್ತವೆ. ಹಾಗೆಂದು ಮಾತು ನಿಲ್ಲಿಸಬೇಡಿ. ಇಪ್ಪತ್ತು ನಿಮಿಷ ನೋವಿನ ಮಾತಾದ ಮೇಲೆ "ಸರಿ, ನಾಳೆ ಬೆಳಿಗ್ಗೆ ಏನು ಮಾಡೋಣ?" ಎಂದು ಒಬ್ಬರು ಕೇಳುವುದೆಂದು ಮೊದಲೇ ಮಾತಾಡಿಕೊಳ್ಳಿ.

ಯಾರಿಗೂ ಹೇಳಲಾಗದ ವಿಷಯವಿದ್ದರೆ ಬರೆಯಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ವಿಧಾನ ಸರಳ: ನಾಲ್ಕು ದಿನ ಸತತವಾಗಿ, ದಿನಕ್ಕೆ ಹದಿನೈದು ನಿಮಿಷ, ನಡೆದದ್ದನ್ನೂ ಅದರ ಬಗ್ಗೆ ಅನ್ನಿಸಿದ್ದನ್ನೂ ಕೈ ನಿಲ್ಲಿಸದೆ ಬರೆಯುವುದು. ಕಾಗುಣಿತ ನೋಡಬೇಕಿಲ್ಲ, ಬರೆದದ್ದನ್ನು ಹರಿದು ಹಾಕಬಹುದು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಒಂದೆರಡು ಗಂಟೆಯಲ್ಲಿ ಇಳಿಯಬೇಕು. ಇದರ ಲಾಭ ಸರಾಸರಿಯಲ್ಲಿ ಸಣ್ಣದೇ, ಪವಾಡ ನಿರೀಕ್ಷಿಸಬೇಡಿ. ಘಟನೆ ನಡೆದು ಕೆಲವು ವಾರವಾದರೂ ಆಗಿರಲಿ. ಬರೆಯುವಾಗ ತಡೆಯಲಾಗದಷ್ಟು ಸಂಕಟವಾದರೆ ಆ ವಿಷಯ ಬಿಟ್ಟು ಬೇರೆಯದನ್ನು ಬರೆಯಿರಿ.

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರ ಪೆಟ್ಟಿನ ಮಾತು. ಕಾಲವೇ ಬದಲಾಗಿ ಎಲ್ಲರ ಕಾಲಡಿಯ ನೆಲ ಜರುಗಿದಾಗ ಲೆಕ್ಕ ಸ್ವಲ್ಪ ಬೇರೆ. ಅಂಥ ಹೊತ್ತಿನಲ್ಲಿ ಯುವಜನ ಮಾಡುವ ದೊಡ್ಡ ತಪ್ಪು, ಕಾಲದ ಪೆಟ್ಟನ್ನು ತಮ್ಮ ಯೋಗ್ಯತೆಯ ತೀರ್ಪು ಎಂದು ಓದಿಕೊಳ್ಳುವುದು. ಹಾಳೆಯ ಮಧ್ಯೆ ಗೆರೆ ಎಳೆದು ಎಡಬದಿಗೆ "ನನ್ನಿಂದ ಆದದ್ದು", ಬಲಬದಿಗೆ "ಕಾಲದಿಂದ ಆದದ್ದು" ಎಂದು ಬರೆಯಿರಿ. ಯಾವುದು ಎಲ್ಲಿಗೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ನನ್ನಷ್ಟೇ ತಯಾರಿಯಿದ್ದ ಬೇರೆಯವರಿಗೂ ಹೀಗೇ ಆಯಿತಾ? ಅರ್ಜಿ ಹಾಕಿದ ಕಡೆಯಲ್ಲೆಲ್ಲ ನೇಮಕಾತಿಯೇ ನಿಂತಿದ್ದರೆ ಅದು ಬಲಬದಿಗೆ. ಸಂದರ್ಶನಕ್ಕೆ ಕರೆದು ಮೂರು ಕಡೆ ಒಂದೇ ಪ್ರಶ್ನೆಗೆ ತಡವರಿಸಿದ್ದರೆ ಎಡಬದಿಗೆ. ಎಲ್ಲವನ್ನೂ ಎಡಕ್ಕೆ ತುಂಬಿದವರು ಕೈಚೆಲ್ಲಿ ಕೂರುತ್ತಾರೆ. ಎಲ್ಲವನ್ನೂ ಬಲಕ್ಕೆ ತಳ್ಳಿದವರು ಅದೇ ಪ್ರಶ್ನೆಗೆ ನಾಲ್ಕನೇ ಸಲವೂ ತಡವರಿಸುತ್ತಾರೆ.

ಬಲಬದಿ ತುಂಬಿದಾಗ ಹುದ್ದೆಯ ಹೆಸರಿಗೆ ಅಂಟಿಕೊಳ್ಳದೆ ನಿಮಗೆ ಬರುವ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿ: ಲೆಕ್ಕ ಹೊಂದಿಸುತ್ತೇನೆ, ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುತ್ತೇನೆ, ಕೆಟ್ಟದ್ದನ್ನು ಬಿಚ್ಚಿ ಕಾರಣ ಹುಡುಕುತ್ತೇನೆ. ಹುದ್ದೆಗಳು ಮಾಯವಾಗುವಷ್ಟು ಬೇಗ ಈ ಕೆಲಸಗಳು ಮಾಯವಾಗುವುದಿಲ್ಲ. ಆ ಪಟ್ಟಿ ಹಿಡಿದು ಆಪ್ತರಿಗಿಂತ ಮುಖಪರಿಚಯದವರನ್ನು ಕೇಳಿ. ಬೋಸ್ಟನ್ ಹತ್ತಿರದ ನ್ಯೂಟನ್‌ನಲ್ಲಿ ಪರಿಚಯದಿಂದ ಕೆಲಸ ಸಿಕ್ಕವರನ್ನು ವಿಚಾರಿಸಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸುಳಿವು ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇಕಡಾ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇಕಡಾ 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇಕಡಾ 27.8. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಲೋಕದ ಸುದ್ದಿ ತರುತ್ತಾರೆ. ವಾರಕ್ಕೆ ಮೂವರನ್ನು ಕೇಳಿದರೂ ಸಾಕು. "ಕೆಲಸ ಕೊಡಿಸಿ" ಎನ್ನುವ ಬದಲು "ನಿಮ್ಮ ಕಡೆ ಈಗ ಎಂಥವರನ್ನು ಹುಡುಕ್ತಿದ್ದಾರೆ?" ಎಂದು ಕೇಳಿದರೆ ಅವರಿಗೂ ಮುಜುಗರವಿಲ್ಲ.

ಮನೆಗೇ ಕಷ್ಟ ಬಂದಾಗ ಮಕ್ಕಳನ್ನು ಅದರಿಂದ ಪೂರ್ತಿ ದೂರವಿಡಬೇಕೇ ಎಂದು ಹೆತ್ತವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 1920, 1921ರಲ್ಲಿ ಹುಟ್ಟಿ, 1929ರ ನಂತರದ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಹದಿಹರೆಯಕ್ಕೆ ಬಂದವರ ಬದುಕನ್ನು ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಬೆನ್ನತ್ತಿ ನೋಡಿದರು. ಗಂಡುಮಕ್ಕಳು ಸಣ್ಣಪುಟ್ಟ ದುಡಿಮೆಗೆ ಹೋದರು, ಹೆಣ್ಣುಮಕ್ಕಳು ಮನೆ ನಡೆಸಿದರು, ತಾವು ಬೇಕಾದವರು ಎಂಬ ಭಾವ ಅವರಲ್ಲಿ ಬೇರೂರಿತು. ದೊಡ್ಡವರಾದ ಮೇಲೆ ಹಲವರು ಗಟ್ಟಿಯಾಗಿಯೇ ನಿಂತರು. ಅದೇ ಕಷ್ಟ ಎಳೆಯ ವಯಸ್ಸಿನಲ್ಲಿ ಬಿದ್ದ ಗಂಡುಮಕ್ಕಳಿಗೆ ಹೆಚ್ಚು ಪೆಟ್ಟಾಯಿತು. ಹಾಗಾಗಿ ಹದಿಹರೆಯದವರಿಗೆ ಜವಾಬ್ದಾರಿ ಕೊಡಿ, ಆದರೆ ಅದಕ್ಕೆ ಮಿತಿಯಿರಲಿ: ತಾವೇ ಮುಗಿಸಬಲ್ಲ ಒಂದು ಕೆಲಸ, ದಿನಕ್ಕೆ ಒಂದು ಗಂಟೆಯೊಳಗೆ, ಓದನ್ನೂ ನಿದ್ದೆಯನ್ನೂ ತಿನ್ನದಂತೆ. ಸಾಲದ ಚಿಂತೆಯನ್ನಾಗಲಿ, ಗಂಡ ಹೆಂಡಿರ ಜಗಳದ ಪಂಚಾಯಿತಿಯನ್ನಾಗಲಿ ಅವರ ತಲೆಗೆ ಕಟ್ಟಬೇಡಿ.

ಇವೆಲ್ಲದರಿಂದಲೂ ಆಗದ ಸ್ಥಿತಿಯಿದೆ, ಅದನ್ನು ಗುರುತಿಸಬೇಕು. ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟಿರುವುದು, ಇವು ಎರಡು ವಾರ ಬಿಡದೆ ಇದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರವಲ್ಲ, ಅಂದೇ ಹೇಳಬೇಕು. ಗೆಳೆಯನ ಬಗ್ಗೆ ಅನುಮಾನವಿದ್ದರೆ "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಪಾಯಕಾರಿ ವಸ್ತುಗಳನ್ನು ದೂರವಿಡಿ, ಗುಟ್ಟು ಕಾಪಾಡುವ ಮಾತು ಕೊಡಬೇಡಿ. ದೊಡ್ಡವರೊಬ್ಬರನ್ನೂ ವೈದ್ಯಕೀಯ ನೆರವನ್ನೂ ಆ ಗಂಟೆಯಲ್ಲೇ ಸೇರಿಸಿಕೊಳ್ಳಿ.

ಚೇತರಿಸಿಕೊಂಡವರೂ ಮತ್ತೆ ಜಾರುತ್ತಾರೆ. ಮುಂದಿನ ಫಲಿತಾಂಶದ ದಿನ, ಅಗಲಿದವರ ತಿಥಿ, ಜೊತೆಯವರ ಮದುವೆ, ಬಡ್ತಿಗಳ ಸುದ್ದಿ ಬರುವ ಹೊತ್ತು ಸಾಮಾನ್ಯವಾಗಿ ಕಷ್ಟದವು. ಸರಿಯಿರುವ ದಿನವೇ ಕೂತು, ಜಾರುವಾಗ ನಿಮ್ಮಲ್ಲಿ ಮೊದಲು ಕಾಣುವ ಮೂರು ಬದಲಾವಣೆಗಳನ್ನು ಬರೆದಿಡಿ: ಫೋನ್ ಎತ್ತದಿರುವುದು, ಊಟ ತಪ್ಪಿಸುವುದು, ಸ್ನಾನ ಮುಂದೂಡುವುದು, ಹೀಗೆ ನಿಮ್ಮದೇ ಆದವು. ಆ ಚೀಟಿಯ ಒಂದು ಪ್ರತಿಯನ್ನು ನಂಬಿಕಸ್ಥರ ಕೈಗೆ ಕೊಟ್ಟು, ಇವುಗಳಲ್ಲಿ ಎರಡು ಕಂಡರೆ ನೀವು ಕರೆಯದಿದ್ದರೂ ಬರಬೇಕೆಂದು ಕೇಳಿಕೊಳ್ಳಿ.