ಹಳದಿ ಎಲೆಯ ಬೆನ್ನು ಹತ್ತಿ: ಕಲಬುರಗಿ ನೆರಳಂಗಳದ ಆರನೇ ಕಂತು

ಮೂರನೇ ಕುಂಡದ ಮೊಗ್ಗು ದಾಸವಾಳ ಕೊನೆಗೂ ಹಸಿರು ಚಿಗುರು ಬಿಟ್ಟಿದೆ! ಐದಕ್ಕೆ ಐದೂ ಕೊಂಬೆಯಲ್ಲಿ. ಅದರ ಬೆನ್ನಿಗೇ ಹನ್ನೊಂದು ಮೊಗ್ಗು. ನಿನ್ನೆ ಬೆಳಿಗ್ಗೆ ಏಳೂವರೆಗೆ ಗಂಡು ಸೂರಕ್ಕಿ. ಬಿಸಿಲು ತಾಗಿದಾಗ ನೀಲಿ, ತಿರುಗಿದಾಗ ಕಪ್ಪು. ಜೋತುಬಿದ್ದ ಹೂವಿನ ತೊಟ್ಟು ಹಿಡಿದು ತಲೆಕೆಳಗಾಗಿ ನೇತಾಡುತ್ತ ನಾಲ್ಕು ಹೂ ಹೀರಿ ಹೋಯಿತು.

ಕಟ್ಟೆ, ಕುಂಡ, ಜೋಡಣೆ ಎಲ್ಲ ಹಿಂದಿನ ಕಂತುಗಳಲ್ಲಿ ಮುಗಿದಿದೆ. ಹೊಸಬರಿಗೆ ಇಷ್ಟು ಸಾಕು: ಹತ್ತು ಅಡಿಗೆ ಹದಿನಾಲ್ಕು ಅಡಿ ಅಂಗಳ, ನೆಲಕ್ಕೆ ಶಹಾಬಾದ್ ಕಲ್ಲು, ದಕ್ಷಿಣಕ್ಕೆ ಮೂರಂತಸ್ತಿನ ಗೋಡೆ. ನೇರ ಬಿಸಿಲು ಬೆಳಿಗ್ಗೆ ಎರಡು ತಾಸು ಮಾತ್ರ. ಆಡುಸೋಗೆಗೂ ಕನಕಾಂಬರಕ್ಕೂ ಇಲ್ಲಿ ಯಾವ ತಕರಾರೂ ಇರಲಿಲ್ಲ. ಕಾಡಿದ್ದು ಮೊಗ್ಗು ದಾಸವಾಳ ಮತ್ತು ಕೇಪಳ. ನೆರಳಲ್ಲೂ ಹೂ ಬಿಟ್ಟು ಸೂರಕ್ಕಿ ಕರೆಯುವ ಗಿಡ ಅಂತಲೇ ಮೊಗ್ಗು ದಾಸವಾಳ ಆರಿಸಿದ್ದು. ಅದೇ ಮುನಿಸಿಕೊಂಡು ಕೂತರೆ ಹಕ್ಕಿ ಎಲ್ಲಿಂದ ಬರಬೇಕು?

ಲಕ್ಷಣ ಸ್ಪಷ್ಟವಿತ್ತು. ಹಳೆ ಎಲೆ ಹಸಿರು, ಹೊಸ ಎಲೆ ನಿಂಬೆ ಹಳದಿ, ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ. ಸಾರಜನಕ ಕಡಿಮೆಯಾದರೆ ಹಳದಿ ಶುರುವಾಗುವುದು ಕೆಳಗಿನ ಹಳೆ ಎಲೆಯಿಂದ. ಮೆಗ್ನೀಸಿಯಂ ಕೊರತೆಯಲ್ಲಿ ನರ ಹಸಿರಾಗೇ ಉಳಿದರೂ ಅದೂ ಹಳೆ ಎಲೆಯಲ್ಲೇ. ತುದಿಯ ಚಿಗುರು ಹಳದಿಯಾದರೆ ಮೊದಲ ಅನುಮಾನ ಕಬ್ಬಿಣದ ಮೇಲೆ. ಹಾಗಾಗಿ ಅನ್ನಭೇದಿ, ಅಂದರೆ ಕಬ್ಬಿಣದ ಲವಣ (ಫೆರಸ್ ಸಲ್ಫೇಟ್) ತಂದು ಲೀಟರಿಗೆ 2 ಗ್ರಾಂ ಕರಗಿಸಿ ಬುಡಕ್ಕೆ ಹಾಕಿದ್ದಾಯಿತು. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಚಿಗುರು ಮಾತ್ರ ಹಾಗೇ ಹಳದಿ.

ಯಾಕೆಂದು ಕುಂಡದಲ್ಲೇ ಬರೆದಿತ್ತು. ಮೇಲ್ಮಣ್ಣು ಕೆರೆದರೆ ತೆಳ್ಳನೆ ಕಂದು ಹೊಪ್ಪಳೆ, ಹಳೆ ತಗಡಿನ ತುಕ್ಕಿನ ಬಣ್ಣ. ಹಾಕಿದ ಅನ್ನಭೇದಿ ಅಲ್ಲೇ ತುಕ್ಕಾಗಿ ಕೂತಿತ್ತು. ಕ್ಷಾರದ ಮಣ್ಣಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದ ಕೂಡಲೇ ಕರಗದ ರೂಪಕ್ಕೆ ತಿರುಗುತ್ತದೆ. ಕಬ್ಬಿಣ ಕುಂಡದಲ್ಲೇ ಇದ್ದರೂ ಬೇರಿನ ಬಾಯಿಗೆ ಸಿಗುವುದಿಲ್ಲ. ಹಾಗಾದರೆ ಕ್ಷಾರ ಬಂದಿದ್ದೆಲ್ಲಿಂದ?

ಮೊದಲ ಕಳ್ಳ ಬೋರ್ ನೀರು. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಒಟ್ಟು ಲವಣ ಎಷ್ಟೆಂದು ಅದು ಹೇಳುತ್ತದೆ, ಮಣ್ಣನ್ನು ಕ್ಷಾರ ಮಾಡುವ ಬೈಕಾರ್ಬನೇಟ್ ಎಷ್ಟೆಂದು ಹೇಳುವುದಿಲ್ಲ. ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಅದನ್ನು ಅಳೆಯುವ ಕೆಎಚ್ ಟೆಸ್ಟ್ ಕಿಟ್ ಸಿಗುತ್ತದೆ. 5 ಮಿಲಿ ನೀರಿಗೆ ಹನಿ ಹನಿಯಾಗಿ ಹಾಕಿ, ಬಣ್ಣ ನೀಲಿಯಿಂದ ಹಳದಿಗೆ ತಿರುಗುವ ತನಕ ಎಣಿಸಬೇಕು. ಒಂದು ಹನಿ ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ನಲ್ಲಿ ನೀರು ಎಂಟಕ್ಕೆ ತಿರುಗಿತು. ಬೋರ್ ನೀರು ಹದಿನೈದಾದರೂ ನೀಲಿ, ಇಪ್ಪತ್ತಾದರೂ ನೀಲಿ, ತಿರುಗಿದ್ದು ಇಪ್ಪತ್ತೆರಡಕ್ಕೆ. ಅಂದರೆ ಹತ್ತಿರ ಹತ್ತಿರ 390. ಸುಣ್ಣಕಲ್ಲಿನ ನೆಲದ ನೀರು, ಬೇರೆ ಹೇಗಿದ್ದೀತು? ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಸುರಿಯುವ ರೂಢಿ ಊರೆಲ್ಲ ಇದೆ. ಅದು ಇನ್ನೂ ಗಡಸು, ಈ ಗಿಡಗಳಿಗಂತೂ ಬೇಡ. ಕೂಲರ್ ತೊಟ್ಟಿಯ ತಳದ ನೀರೂ ಅಷ್ಟೇ: ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಗಟ್ಟಿಯಾಗುತ್ತದೆ. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಚೊಕ್ಕ. ಆದರೆ ನಮ್ಮ ಏಪ್ರಿಲ್‌ನ ಒಣಗಾಳಿಯಲ್ಲಿ ಅದು ದಿನಕ್ಕೆ ಎಷ್ಟು ತೊಟ್ಟಿಕ್ಕೀತು!

ಎರಡನೇ ಕಳ್ಳ ಮಣ್ಣು. ಇಲ್ಲಿ ಸಿಟ್ಟು ಬರುವುದು ಮಣ್ಣು ಕೊಟ್ಟವರ ಮೇಲೆ. ಚೀಲದ ಮೇಲೆ ‘ಕೆಂಪು ಮಣ್ಣು’ ಎಂದಿತ್ತು, ಬಣ್ಣವೂ ಕೆಂಪೇ. ಒಂದು ಚಮಚ ಮಣ್ಣನ್ನು ತಟ್ಟೆಗೆ ಹರಡಿ ವಿನಿಗರ್ ಹನಿಸಿದರೆ ಅಲ್ಲಲ್ಲಿ ಸುಂಯ್ ಎಂದು ನೊರೆ. ನೊರೆ ಎದ್ದಲ್ಲಿ ಬೆರಳಾಡಿಸಿದರೆ ಜೋಳದ ಕಾಳಿನಷ್ಟು ಬಿಳಿ ಹರಳು, ಎರೆ ಹೊಲದಲ್ಲಿ ಸಿಗುವ ಅದೇ ಸುಣ್ಣದ ಹರಳು. ಎರೆಗೆ ಗರಸು ಬೆರೆಸಿ ಕೆಂಪು ಮಣ್ಣೆಂದು ತುಂಬಿದ್ದಾರೆ. ಚೀಲಕ್ಕೆ ಕೊಟ್ಟ ದುಡ್ಡಿಗಿಂತ ಹಾಳಾದ ಮೂರು ತಿಂಗಳು ದೊಡ್ಡದು. ಮಣ್ಣು ಕೊಳ್ಳುವಾಗ ಜೇಬಲ್ಲಿ ಪುಟ್ಟ ವಿನಿಗರ್ ಶೀಶೆ ಇರಲಿ. ಎಂ-ಸ್ಯಾಂಡನ್ನೂ ಹಾಗೇ ಪರೀಕ್ಷಿಸಿ, ಅದರಲ್ಲಿ ಸುಣ್ಣಕಲ್ಲಿನ ಪುಡಿ ಇದ್ದೀತು.

ಬೇಕಾದ ಮಣ್ಣು ನೂರು ಕಿಲೋಮೀಟರ್ ಆಚೆ ಬೀದರಿನಲ್ಲಿದೆ. ಆ ಎತ್ತರದ ನೆಲವೇ ಲ್ಯಾಟರೈಟ್, ಅಂದರೆ ಜಂಬಿಟ್ಟಿಗೆ. ಅದನ್ನೇ ಕೊರೆದು ನೀರು ಹರಿಸುವ ಕರೇಜ್ ಸುರಂಗ ತೋಡಿದ್ದು. ಬಿದ್ರಿ ಪಾತ್ರೆಗೆ ಆ ಕಡುಗಪ್ಪು ಬರುವುದು ಬೀದರ್ ಕೋಟೆಯ ಮಣ್ಣಿನಿಂದ, ಅದು ಬೇರೆಯೇ ಕಥೆ. ನಮಗೆ ಬೇಕಾದ ಗುಣ ಒಂದೇ: ವಿನಿಗರ್ ಹಾಕಿದರೆ ಈ ಕೆಂಪು ಮಣ್ಣು ತೆಪ್ಪಗಿರುತ್ತದೆ. ಅದು ಎರಡು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು, ಚೆನ್ನಾಗಿ ಕಳಿತ ಗೊಬ್ಬರ ಒಂದು, ದಪ್ಪ ಮರಳು ಅರ್ಧ ಪಾಲು. ಹಳೆ ಮಣ್ಣನ್ನು ಬೇರಿನಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಉದುರಿಸಿ ಕುಂಡ ಬದಲಿಸಿದ್ದು. ಪೂರ್ತಿ ತೊಳೆದಿದ್ದರೆ ಈ ಸೆಕೆಯಲ್ಲಿ ಗಿಡ ಉಳಿಯುತ್ತಿರಲಿಲ್ಲ.

ನೀರಿಗೆ ಮದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಈ ಇಪ್ಪತ್ತೆರಡು ಹನಿಯ ನೀರಿಗೆ 10 ಲೀಟರಿಗೆ 5 ಗ್ರಾಂ, ಒಂದು ಟೀ ಚಮಚ. ಕಲಕಿ ಅರ್ಧ ತಾಸು ಬಿಟ್ಟರೆ ಬಕೆಟ್ಟಿನ ಒಳಗೋಡೆಗೆ ಸಣ್ಣ ಗುಳ್ಳೆ ಕಟ್ಟುತ್ತವೆ, ಬೈಕಾರ್ಬನೇಟ್ ಗಾಳಿಯಾಗಿ ಹೋಗುತ್ತಿರುವ ಗುರುತು. ಆಮೇಲೆ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಅದ್ದಿ, 6ರಿಂದ 6.5 ಬಂದರೆ ಸರಿ, ಐದಕ್ಕಿಂತ ಕೆಳಗಿಳಿದರೆ ಇನ್ನಷ್ಟು ಬೋರ್ ನೀರು ಬೆರೆಸಿ. ಈಗ ಕೆಎಚ್ ಕಿಟ್ ಬಳಸಬೇಡಿ, ಸಿಟ್ರೇಟನ್ನೂ ಲೆಕ್ಕಕ್ಕೆ ಹಿಡಿದು ದಾರಿ ತಪ್ಪಿಸುತ್ತದೆ. ನಿಂಬೆಹಣ್ಣೇ ಹಿಂಡಿದರಾಗದೇ ಎಂದರೆ, ಒಂದು ಬಕೆಟ್ಟಿಗೆ ನಾಲ್ಕೈದು ಹಣ್ಣು ಬೇಕು. ಬೇಸಿಗೆಯಲ್ಲಿ ಅದು ಪಾನಕದ ಪಾಲಾಗಲಿ. ಕಲಸಿದ ನೀರನ್ನು ಅಂದೇ ಮುಗಿಸಿ, ಇಟ್ಟರೆ ಲೋಳೆ ಕಟ್ಟುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಸಿಡನ್ನು ತಿಂದು ಮುಗಿಸುವುದರಿಂದ ಒಂದು ಸಲ ಹಾಕಿ ಬಿಟ್ಟರಾಗದು, ಪ್ರತಿ ಸಲದ ನೀರಿಗೂ ಬೆರೆಸಬೇಕು.

ಹಳದಿಯಾದ ಗಿಡವನ್ನು ಬೇಗ ಎತ್ತಲು ಚಿಲೇಟ್ ಕಬ್ಬಿಣವೂ ಬೇಕಾಯಿತು, ಅಂದರೆ ತುಕ್ಕಾಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ. ಇಡಿಟಿಎ, ಇಡಿಡಿಎಚ್‌ಎ ಅಂಥ ಹಿಡಿಯುವ ರಾಸಾಯನಿಕಗಳು. ‘ಇದರಲ್ಲಿ 12 ಪರ್ಸೆಂಟ್ ಐತ್ರಿ, ಅದರಲ್ಲಿ ಬರೇ 6’ ಎಂದು ಅಂಗಡಿಯವರು ಇಡಿಟಿಎ ಪೊಟ್ಟಣವನ್ನೇ ಮುಂದೆ ತಳ್ಳುತ್ತಾರೆ. ತಗೊಳ್ಳಬೇಡಿ. ಇಡಿಟಿಎ ಹಿಡಿತ ಪಿಎಚ್ 6.5ರ ಆಸುಪಾಸಿನಲ್ಲೇ ಸಡಿಲವಾಗುತ್ತದೆ. ಇಡಿಡಿಎಚ್‌ಎ 9ರವರೆಗೂ ಕಬ್ಬಿಣ ಬಿಡುವುದಿಲ್ಲ. ಬಣ್ಣ ನೋಡಿದರೇ ಗೊತ್ತಾಗುತ್ತದೆ: ಮೊದಲನೆಯದು ಹಳದಿ ಪುಡಿ, ಎರಡನೆಯದು ಕಡುಗಂದು, ನೀರಿಗೆ ಬಿದ್ದರೆ ದಾಳಿಂಬೆ ರಸದ ಬಣ್ಣ. ಹನ್ನೆರಡು ಇಂಚಿನ ಕುಂಡಕ್ಕೆ 1 ಗ್ರಾಂ, ಒಂದು ಲೀಟರ್ ನೀರಿನಲ್ಲಿ, ಸಂಜೆ, ಬುಡಕ್ಕೆ ಮಾತ್ರ. ಕಲ್ಲಿನ ಮೇಲೆ ಚೆಲ್ಲಿದರೆ ಕಲೆ ಹೋಗುವುದಿಲ್ಲ.

ನೆರಳಿನ ಪಾತ್ರವೂ ಇದೆ, ಅದು ಹೊಳೆದದ್ದು ತಡವಾಗಿ. ನೆರಳಲ್ಲಿ ಕುಂಡ ನಿಧಾನ ಒಣಗುತ್ತದೆ. ದಿನಾ ಒಂದೊಂದು ಚೊಂಬು ಹಾಕಿದರೆ ತಳದಿಂದ ಏನೂ ಹೊರಬರದು, ಲವಣ ಒಳಗೇ ಕೂಡುತ್ತದೆ, ಉಸಿರುಗಟ್ಟಿದ ಬೇರು ಇದ್ದ ಕಬ್ಬಿಣವನ್ನೂ ಎಳೆದುಕೊಳ್ಳದು. ಈಗ ಬೆರಳಿಟ್ಟು ನೋಡಿ, ಒಂದೂವರೆ ಇಂಚು ಒಣಗಿದ ಮೇಲಷ್ಟೇ ನೀರು. ಹಾಕಿದರೆ ಎರಡು ಲೀಟರ್, ಕೆಳಗೆ ಕಾಲು ಲೀಟರಿನಷ್ಟಾದರೂ ಹರಿಯಬೇಕು. ತಳದ ತಟ್ಟೆಗಳನ್ನೆಲ್ಲ ತೆಗೆದಾಗಿದೆ.

ಹದಿನೆಂಟನೇ ದಿನಕ್ಕೆ ಮೊದಲ ಹಸಿರು ಎಲೆ. ಹಳದಿಯಾಗಿದ್ದವು ಪೂರ್ತಿ ತಿರುಗಲಿಲ್ಲ, ಅವನ್ನು ನೋಡುತ್ತ ಕೂರಬೇಡಿ, ಹೊಸದನ್ನು ನೋಡಿ. ಕೇಪಳ ಇನ್ನೂ ಅರೆಮನಸ್ಸಿನಲ್ಲಿದೆ. ಹಿಟ್ಟು ತಿಗಣೆ ಬಂದರೆ ನೀರಿನ ಪಿಚಕಾರಿಯಷ್ಟೇ ಸಾಕು. ಗಿಡದೊಳಗೆ ಇಳಿಯುವ ಕೀಟನಾಶಕ ಮಕರಂದಕ್ಕೂ ಇಳಿಯುತ್ತದೆ, ಹಕ್ಕಿ ಕರೆಯುವ ಕುಂಡಕ್ಕೆ ಅದು ಸಲ್ಲದು. ಹಕ್ಕಿಯ ಮಣ್ಣಿನ ತಟ್ಟೆಗೆ ಬರೀ ನಲ್ಲಿ ನೀರು, ಎರಡು ಇಂಚಿಗಿಂತ ಆಳ ಬೇಡ, ದಿನಾ ಬದಲಿಸಿದರೆ ಸೊಳ್ಳೆ ಮರಿಗೆ ಅವಕಾಶವಿಲ್ಲ. ಪಿಕಳಾರಗಳು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಜೋಡಿಯಾಗಿ ಬರುತ್ತವೆ. ಗುಬ್ಬಿಗೆ 32 ಮಿಲಿಮೀಟರ್ ತೂತಿನ ಪೆಟ್ಟಿಗೆ ಅರ್ಧ ಆಗಿದೆ, ಅದರ ಮಾತು ಮುಂದಿನ ಕಂತಿಗೆ.

ಅದಕ್ಕೂ ಮುಂಚೆ, ಮಿರಗದ (ಮೃಗಶಿರ) ಮಳೆ ಬೀಳುವುದರೊಳಗೆ, ಬೋರ್ ನೀರಿನ ಬದಲು ಮಳೆ ನೀರು ಹಿಡಿಯಲು 200 ಲೀಟರ್ ಡ್ರಮ್ ಕೂಡಿಸಬೇಕು. ಮಾಳಿಗೆಯ ನೂರು ಚದರ ಅಡಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸೋರಿದ್ದು ಕಳೆದು ಎಪ್ಪತ್ತು ಲೀಟರಿಗೆ ಮೋಸವಿಲ್ಲ. ಮೊದಲ ಒಂದು ಮಿಲಿಮೀಟರಿನ ಕೊಳೆ ನೀರು ಹಿಡಿಯಲು ನಾಲ್ಕಿಂಚಿನ ಪಿವಿಸಿ ಪೈಪು ನಾಲ್ಕಡಿ ನಿಲ್ಲಿಸಿದರೆ ಸಾಕು, ಸುಮಾರು ಹತ್ತು ಲೀಟರ್ ಹಿಡಿಯುತ್ತದೆ. ತಳಕ್ಕೆ ತಿರುಪಿನ ಮುಚ್ಚಳ. ಸೆಕೆ ತಡೆಯಲೆಂದು ಮಾಳಿಗೆಗೆ ಸುಣ್ಣ ಬಳಿದಿರುವುದೊಂದೇ ಆತಂಕ. ಮೊದಲೆರಡು ಮಳೆ ಹರಿಯಬಿಟ್ಟು, ಮೂರನೆಯದಕ್ಕೆ ಕಿಟ್ ಹಿಡಿದು ಹನಿ ಎಣಿಸುವುದು.