ಕಣ್ಣಿನ ಕ್ಯಾಂಪಿನ ರಿಜಿಸ್ಟರ್‌ನಲ್ಲಿ ಕೊನೆಯ ಕಾಲಂ

ತಾಲ್ಲೂಕು ಊರುಗಳಲ್ಲಿ ಲಯನ್ಸ್ ಕ್ಲಬ್ ಎಂದರೆ ಜನರ ಬಾಯಲ್ಲಿ ಮೊದಲು ಬರುವುದು ಕಣ್ಣಿನ ಕ್ಯಾಂಪು. 1917ರಲ್ಲಿ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಈ ಸಂಸ್ಥೆಯನ್ನು ಕಟ್ಟಿದಾಗ ಕಣ್ಣಿನ ಮಾತೇ ಇರಲಿಲ್ಲ. 1925ರ ಜೂನ್ 30ರಂದು ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಸಮಾವೇಶಕ್ಕೆ ಹೆಲೆನ್ ಕೆಲ್ಲರ್ ಬಂದು, ಕುರುಡುತನದ ವಿರುದ್ಧ ನಿಮ್ಮ ಕೈಜೋಡಿಸಿ ಎಂದು ಕೇಳಿಕೊಂಡ ಮೇಲೆ ಅದು ಸಂಸ್ಥೆಯ ಮುಖ್ಯ ಕೆಲಸವಾಯಿತು. ಭಾರತದಲ್ಲಿ ಮೊದಲ ಲಯನ್ಸ್ ಕ್ಲಬ್ ಶುರುವಾದದ್ದು 1956ರಲ್ಲಿ, ಮುಂಬಯಿಯಲ್ಲಿ.

ಅಷ್ಟು ಹೊತ್ತಿಗೆ ಕ್ಯಾಂಪು ನಮ್ಮವರಿಗೆ ಹೊಸದೇನೂ ಆಗಿರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು 1943ರಿಂದಲೇ ಊರೂರಿಗೆ ಹೋಗಿ ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಅವರದು. 1993ರ ಫೆಬ್ರವರಿ ಹೊತ್ತಿಗೆ ಒಟ್ಟು ಆರು ಲಕ್ಷ ದಾಟಿತ್ತು. ಇಂಥ ಕ್ಯಾಂಪುಗಳಿಗೆ ಜಾಗ, ಚಾಪೆ, ಊಟ, ರಾತ್ರಿ ಪಾಳಿಯ ಆರೈಕೆ ಹೊಂದಿಸುವುದು ಊರಿನ ಸಂಘ ಸಂಸ್ಥೆಗಳ ಪಾಲಿಗೆ ಬರುತ್ತಿತ್ತು.

ಆಗಿನ ಆಪರೇಷನ್ ಹೇಗಿತ್ತೆಂದು ತಿಳಿದರೆ ಈಗಿನ ಕ್ಲಬ್ಬಿನ ಕೆಲಸ ಯಾಕೆ ಬದಲಾಯಿತೆಂದು ಗೊತ್ತಾಗುತ್ತದೆ. ಕಣ್ಣಿನ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಅದರ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಗಾಯ ದೊಡ್ಡದು, ಕಣ್ಣಿಗೆ ಪಟ್ಟಿ ಕಟ್ಟಿ ದಿನಗಟ್ಟಲೆ ಅಲುಗಾಡದಂತೆ ಮಲಗಿಸಬೇಕು. ಆಮೇಲೆ +10ರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತದೆ. ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ಅಲ್ಲಿ ಮೆಟ್ಟಿಲಿರುವುದಿಲ್ಲ. ಪಕ್ಕದಿಂದ ಬರುವ ಸೈಕಲ್ಲು ಕಾಣದೆ ಇದ್ದು ತಟಕ್ಕನೆ ಎದುರಿಗೆ ನಿಲ್ಲುತ್ತದೆ. ಒಂದೇ ಕಣ್ಣಿಗೆ ಆಪರೇಷನ್ ಆಗಿ ಇನ್ನೊಂದು ಚೆನ್ನಾಗಿದ್ದರೆ ಎರಡು ಅಳತೆಯ ಚಿತ್ರಗಳು ಕೂಡುವುದೇ ಇಲ್ಲ. ಕನ್ನಡಕ ಒಡೆದ ದಿನ ಆ ಮನುಷ್ಯ ಮತ್ತೆ ಗೋಡೆ ಹಿಡಿದು ನಡೆಯಬೇಕು.

ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಿದ್ದರೂ ಅದು ನಮ್ಮ ಹಳ್ಳಿಗಳಿಗೆ ಎಟುಕುವ ಬೆಲೆಗೆ ಇಳಿಯಲು ಬಹಳ ವರ್ಷ ಬೇಕಾಯಿತು. 1992ರಲ್ಲಿ ಮಧುರೈನ ಅರೋಲ್ಯಾಬ್ ಇಲ್ಲೇ ತಯಾರಿಸತೊಡಗಿದ್ದು ದೊಡ್ಡ ತಿರುವು. ಈಗ ಕ್ಯಾಂಪಿನ ರೋಗಿಗಳಿಗೆ ಹೆಚ್ಚಾಗಿ ಮಾಡುವುದು ಆರೇಳು ಮಿಲಿಮೀಟರಿನ ಗಾಯದ, ಹೊಲಿಗೆಯಿಲ್ಲದ ಆಪರೇಷನ್. ಮರುದಿನ ಪಟ್ಟಿ ಬಿಚ್ಚಿ ಮನೆಗೆ. ಶಾಲೆ, ಕಲ್ಯಾಣ ಮಂಟಪಗಳಲ್ಲಿ ಕತ್ತರಿ ಹಿಡಿಯುವ ಕಾಲ ಸೋಂಕಿನ ಕಾರಣಕ್ಕೆ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಊರಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಆಪರೇಷನ್. ಕ್ಲಬ್ಬಿಗೆ ಉಳಿದದ್ದು ಹುಡುಕಿ ತರುವುದು, ಕಳಿಸುವುದು, ಮತ್ತೆ ಕರೆಸುವುದು. ಎಡವುವುದೂ ಇಲ್ಲೇ.

ಮೊದಲು ಜಾಗ. ದೃಷ್ಟಿ ಪರೀಕ್ಷೆಗೆ 6 ಮೀಟರ್, ಅಂದರೆ ಸುಮಾರು 20 ಅಡಿ ಬೇಕು. ಶಾಲೆಯ ಕೊಠಡಿಯನ್ನು ಹಿಂದಿನ ದಿನವೇ ಟೇಪ್ ಹಿಡಿದು ಅಳೆದು, ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿಡಿ. ಚಾರ್ಟನ್ನು ಕಿಟಕಿಯ ಪಕ್ಕದಲ್ಲಿ ತೂಗುಹಾಕಿದರೆ ಬೆಳಕು ಕಣ್ಣಿಗೆ ಹೊಡೆದು ಚೆನ್ನಾಗಿರುವ ಕಣ್ಣೂ ಫೇಲಾಗುತ್ತದೆ. ಓದು ಬಾರದವರಿಗೆ ಇಂಗ್ಲಿಷ್ ‘ಇ’ ಆಕಾರದ ಚಾರ್ಟು: ಅದರ ಕಾಲುಗಳು ಯಾವ ಕಡೆ ಚಾಚಿವೆಯೋ ಆ ಕಡೆ ಕೈ ತೋರಿಸಬೇಕು. ಹತ್ತಿರದಲ್ಲಿ ಒಮ್ಮೆ ತೋರಿಸಿಕೊಡದೆ ಶುರುಮಾಡಬೇಡಿ. ಅಜ್ಜಿಯಂದಿರು ಸಂಕೋಚಕ್ಕೆ ಸುಮ್ಮನೆ ನಿಂತುಬಿಡುತ್ತಾರೆ, ಕಾಣುವುದಿಲ್ಲ ಅಂತ ಬರೆದುಕೊಳ್ಳುತ್ತೀರಿ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಬೆರಳುಗಳಾದರೆ ಸಂದಿಯಿಂದ ಕಾಣುತ್ತದೆ, ಒತ್ತಿದರೆ ಆ ಕಣ್ಣು ಆಮೇಲೆ ಮಸುಕಾಗುತ್ತದೆ. ಸೂಜಿರಂಧ್ರದ ತಟ್ಟೆಯಲ್ಲಿ ನೋಡಿದಾಗ ದೃಷ್ಟಿ ಸುಧಾರಿಸಿದರೆ ಹೆಚ್ಚಿನವರಿಗೆ ಕನ್ನಡಕ ಸಾಕು.

ಪೊರೆ ಇದೆ ಎಂದ ಮೇಲೆ ಕಣ್ಣೀರ ನಾಳ ನೋಡುವುದನ್ನು ಬಿಡುವಂತಿಲ್ಲ. ಕೆಳರೆಪ್ಪೆಯ ಮೂಗಿನ ಕಡೆಯ ಸಣ್ಣ ತೂತಿನಿಂದ ಉಪ್ಪುನೀರು ಬಿಟ್ಟಾಗ ಗಂಟಲಿಗೆ ಉಪ್ಪು ತಿಳಿದರೆ ದಾರಿ ತೆರೆದಿದೆ. ನೀರು ಮೇಲಿನ ತೂತಿನಿಂದ ವಾಪಸ್ ಬಂದರೆ ದಾರಿ ಮುಚ್ಚಿದೆ, ಅಲ್ಲಿ ಸೋಂಕಿರಬಹುದು; ಕೀವು ಬಂದರೆ ಸೋಂಕು ಕೂತೇ ಇದೆ. ಅದನ್ನು ಸರಿಮಾಡದೆ ಪೊರೆ ಮುಟ್ಟಿದರೆ ಕಣ್ಣೇ ಹೋಗಬಹುದು. ಜೊತೆಗೆ ಕಣ್ಣಿನ ಒತ್ತಡ, ಬಿ.ಪಿ., ಸಕ್ಕರೆ. ಎಷ್ಟರವರೆಗೆ ನಡೆಯುತ್ತದೆ ಎಂಬ ಮಿತಿಯನ್ನು ಆಪರೇಷನ್ ಮಾಡುವ ಆಸ್ಪತ್ರೆಯಿಂದಲೇ ಮೊದಲು ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಬಸ್ಸು ತುಂಬಾ ಕಳಿಸಿದವರಲ್ಲಿ ಎಷ್ಟೋ ಮಂದಿ ಸಕ್ಕರೆ ಜಾಸ್ತಿ ಎಂದು ಹಾಗೇ ವಾಪಸ್ಸಾಗುತ್ತಾರೆ, ಮತ್ತೆ ಕರೆದರೆ ಬರುವುದಿಲ್ಲ.

ಕರಪತ್ರದಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿರಲಿ: ದಿನಾ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಟಿ ಸಮೇತ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಒಂದು ಕಾರಣ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಇನ್ನೊಂದು. ಅದನ್ನು ತೆಗೆದುಕೊಳ್ಳುವವರ ಕಣ್ಣಿನ ಪಾಪೆ ಆಪರೇಷನ್ ನಡುವೆ ಸಡಿಲಗೊಂಡು ಕುಗ್ಗುತ್ತದೆ. ಡಾಕ್ಟರಿಗೆ ಮುಂಚೆ ಗೊತ್ತಿದ್ದರೆ ತಯಾರಿ ಮಾಡಿಕೊಳ್ಳುತ್ತಾರೆ.

ಪ್ರಚಾರಕ್ಕೆ ಸಂತೆ ದಿನದ ಮೈಕು, ಹಾಲಿನ ಡೇರಿ, ರೇಷನ್ ಅಂಗಡಿಯ ಸಾಲು ಸಾಕು, ಆಶಾ ಕಾರ್ಯಕರ್ತೆಯರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಿತ್ತನೆ, ಸುಗ್ಗಿಯ ವಾರಗಳನ್ನು ಬಿಡಿ. ಚಳಿಗಾಲದಲ್ಲೇ ಮಾಡಿಸಬೇಕು, ಪೊರೆ ಪೂರ್ತಿ ಬಲಿಯಬೇಕು ಎಂಬ ಹಳೆಯ ನಂಬಿಕೆಗಳನ್ನು ಮೈಕಿನಲ್ಲೇ ತಳ್ಳಿಹಾಕಿ. ಬಲಿತಷ್ಟೂ ಆಪರೇಷನ್ ಕಷ್ಟ. ಹೆಂಗಸರು ಬರದಿರಲು ಮುಖ್ಯ ಕಾರಣ ಜೊತೆಗೆ ಬರುವವರಿಲ್ಲದಿರುವುದು. ಬಸ್ಸಿನಲ್ಲಿ ಇಬ್ಬರು ಮಹಿಳಾ ಸ್ವಯಂಸೇವಕರು ಇರುತ್ತಾರೆಂದು ಹೇಳಿದರೆ ಪಟ್ಟಿ ತಾನಾಗಿ ಬದಲಾಗುತ್ತದೆ. ಹೊರಡುವ ಮೊದಲು ಯಾವ ಕಣ್ಣಿಗೆ ಆಪರೇಷನ್ ಆಗಬೇಕೋ ಅದರ ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಕಾರ್ಡಿನೊಂದಿಗೆ ತಾಳೆ ನೋಡಿ.

ಈಗ ರಿಜಿಸ್ಟರ್. ಹೆಸರು, ವಯಸ್ಸು, ಕಣ್ಣು, ತಾರೀಕು ಎಲ್ಲರೂ ಬರೆಯುತ್ತಾರೆ. ರೋಗಿಯ ಫೋನು ಸಾಲದು. ಮಗನದೋ ಪಕ್ಕದ ಮನೆಯವರದೋ ಇನ್ನೊಂದು ನಂಬರ್ ಬೇಕು. ಆಪರೇಷನ್ ಆದ ಮೊದಲ ವಾರ ಪ್ರತಿ ಮನೆಗೂ ಫೋನ್ ಹೋಗಬೇಕು. ಕೇಳಬೇಕಾದ್ದು ಮೂರೇ: ನೋವು ಹೆಚ್ಚಾಗಿದೆಯೇ, ಕಣ್ಣು ಕೆಂಪಾಗುತ್ತಿದೆಯೇ, ನಿನ್ನೆಗಿಂತ ಮಂಜಾಗಿದೆಯೇ. ಯಾವುದಕ್ಕೆ ಹೌದು ಎಂದರೂ ಅದೇ ದಿನ ಗಾಡಿ ಮಾಡಿ ಆಸ್ಪತ್ರೆಗೆ ಕಳಿಸಿ. ಒಳಗೆ ಸೋಂಕಾಗಿದ್ದರೆ ಒಂದು ರಾತ್ರಿ ಕಾದರೂ ದೃಷ್ಟಿ ಕೈತಪ್ಪಬಹುದು. ಡ್ರಾಪ್ಸನ್ನು ಡಾಕ್ಟರ್ ಹೇಳಿದಂತೆ ಸುಮಾರು ಆರು ವಾರ ಕಡಿಮೆ ಮಾಡುತ್ತಾ ನಿಲ್ಲಿಸಬೇಕು. ಚೆನ್ನಾಗಿದೆ ಎಂದು ಅದೇ ಬಾಟಲಿಯನ್ನು ತಿಂಗಳುಗಟ್ಟಲೆ ಕೊಂಡು ಹಾಕಿಕೊಳ್ಳುವವರಿದ್ದಾರೆ; ಅದರಲ್ಲಿರುವ ಸ್ಟಿರಾಯ್ಡ್ ಕಣ್ಣಿನ ಒತ್ತಡ ಏರಿಸುತ್ತದೆ.

ಕೊನೆಯ ಕಾಲಂ ಒಂದು ತಿಂಗಳ ನಂತರದ ದೃಷ್ಟಿಯದು. ಬಹಳ ಕ್ಯಾಂಪುಗಳ ಪುಸ್ತಕದಲ್ಲಿ ಅದು ಖಾಲಿ. ಎಷ್ಟು ಜನ ಬಂದರು ಎಂಬ ಬ್ಯಾನರ್ ಲೆಕ್ಕಕ್ಕಿಂತ ನನಗೆ ಈ ಕಾಲಂ ದೊಡ್ಡದು. ಅದೇ ಶಾಲೆ, ಅದೇ ಸೀಮೆಸುಣ್ಣದ ಗೆರೆ, ಅದೇ ಚಾರ್ಟು. ಎಲ್ಲರನ್ನೂ ಮತ್ತೆ ನಿಲ್ಲಿಸಿ ಅಂಕಿ ಬರೆಯಿರಿ, ಓದಲು, ಅಕ್ಕಿ ಆರಿಸಲು ಬೇಕಾದ ಕನ್ನಡಕ ಅಂದೇ ಕೊಡಿ. ಒಂದೆರಡು ವರ್ಷದ ಮೇಲೆ ಪೊರೆ ಮತ್ತೆ ಬಂತು ಎಂದು ಯಾರಾದರೂ ಬಂದರೆ ಗಾಬರಿ ಬೇಡ. ಲೆನ್ಸಿನ ಹಿಂದಿನ ತೆಳುಪದರ ಮಸುಕಾಗಿರುತ್ತದೆ, ಲೇಸರಿನಲ್ಲಿ ಕೆಲವೇ ನಿಮಿಷದ ಕೆಲಸ. ಅವರನ್ನು ಮುಂದಿನ ಬಸ್ಸಿನಲ್ಲೇ ಕಳಿಸಿ, ಅದೇ ಸಾಲಿನಲ್ಲಿ ಬರೆದುಕೊಳ್ಳಿ.